ಹೆಸರು ಹೇಳಿಸುತ್ತಿದ್ದ ಮಾಳಪ್ಪ ಕಾಕಾ

ಎಲ್ಲರೂ ಹತ್ತಿ ಕೂತ ಮೇಲೂ ಮಾಳಪ್ಪ ಕಾಕಾ ಬಸ್ಸಿನ ಬಾಗಿಲು ಹಾಕಲು ಬಿಡುತ್ತಿರಲಿಲ್ಲ. ಕೆಳಗಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಕಂಬಿ ಹಿಡಿದು, ನಾವು ಆಗಷ್ಟೇ ಬಿಟ್ಟುಬಂದ ಚಹಾದಂಗಡಿಯನ್ನೋ ಗುಡಿಯ ಬಾಗಿಲನ್ನೋ ನೋಡುತ್ತ ನಿಲ್ಲುತ್ತಿದ್ದರು. ಬರಬೇಕಾದವರು ಯಾರೂ ಉಳಿದಿಲ್ಲವೆಂದು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತು. ಆದರೂ ಡ್ರೈವರ್ ಹುಸೇನಸಾಬ ಗೇರು ಹಾಕುತ್ತಿರಲಿಲ್ಲ. ಕಾಕಾ ತಾವಾಗಿಯೇ ಮುಖ ತಿರುಗಿಸಿ "ಹೂಂ, ನಡೀಲಿ" ಎಂದ ಮೇಲೆಯೇ ಗಾಡಿ ಹೊರಡಬೇಕು. ಹಿಂದೆ ಹೆಣ್ಣುಮಕ್ಕಳು ಸೆಕೆಯಲ್ಲಿ ಬೇಯುತ್ತ ಗೊಣಗುವುದು, ನಾನು ಗಡಿಯಾರ ನೋಡುವುದು, ಇವರು ರಸ್ತೆ ನೋಡುವುದು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ತಾಳ್ಮೆ ಕೆಟ್ಟು ಕೇಳಿಯೇಬಿಟ್ಟೆ, "ಇನ್ನ ಯಾರ ಬರಾವ್ರದಾರ್ರಿ ಕಾಕಾ?" "ಯಾರಿಲ್ಲ ಶೈಲವ್ವ, ಸುಮ್ಮ ನೋಡಾಕತ್ತೇನಿ" ಅಂದರು. ಅವರು ಸಿಟ್ಟಾಗದೇ ಹೋದದ್ದಕ್ಕೆ ನನಗೆ ಇನ್ನಷ್ಟು ಸಿಟ್ಟು ಬಂತು.

ಕಾಕಾ ಹೊರ್ತಿಯ ಕುರುಬರ ಮನೆತನದವರು. ಎತ್ತರದ ಆಳು, ತಲೆಗೆ ಮಾಸಿದ ರುಮಾಲು, ಎಂಥ ಬೇಸಿಗೆಯಲ್ಲೂ ಹೆಗಲ ಮೇಲೊಂದು ಕರಿ ಕಂಬಳಿ. ಫೋನು ಎತ್ತಿದರೆ ಹಲೋ ಅನ್ನುವ ರೂಢಿಯೇ ಅವರಿಗಿರಲಿಲ್ಲ. "ನಾ ಹೊರ್ತಿ ಮಾಳಪ್ಪ ಅದೇನಿ, ಇಂಡಿ ತಾಲೂಕು, ಹೇಳ್ರಿ" ಎಂದು ಶುರು ಮಾಡುತ್ತಿದ್ದರು. ಸಾಲ ಬೇಕೇ ಎಂದು ಎಲ್ಲಿಂದಲೋ ಫೋನು ಮಾಡುವ ಹುಡುಗಿಯರಿಗೂ ಅಷ್ಟೇ ಗೌರವದಿಂದ ಊರು, ತಾಲೂಕು ಸಮೇತ ತಮ್ಮ ಹೆಸರು ಹೇಳಿಕೊಳ್ಳುತ್ತಿದ್ದರು. ನಾನು ಆಫೀಸಿನಲ್ಲಿ ಅವರ ದನಿ ಅಣಕಿಸಿ ನಗುತ್ತಿದ್ದೆ. ಅವರೂ ನಗುತ್ತಿದ್ದರು.

ನಾನು ಇಂಗಳೇಶ್ವರದವಳು. ಬಾಗೇವಾಡಿಯಲ್ಲಿ ಬಿ.ಎ. ಮುಗಿಸಿ, ಸರ್ಕಾರಿ ಪರೀಕ್ಷೆಗಳನ್ನು ಬರೆದು ಬರೆದು ಸಾಕಾಗಿ, ಸಿಂದಗಿಯ ಸೋದರತ್ತೆಯ ಮನೆಯಲ್ಲಿ ಬಂದು ಕೂತಿದ್ದೆ. ಊರಲ್ಲಿ ಅಪ್ಪ ವರ ನೋಡುತ್ತಿದ್ದ, ಇಲ್ಲಿ ನಾನು ಕೆಲಸ ನೋಡುತ್ತಿದ್ದೆ. ಇಬ್ಬರಲ್ಲಿ ಯಾರಿಗೆ ಮೊದಲು ಸಿಗುತ್ತದೋ ಅವರು ಗೆದ್ದಂತೆ. ಹಾಗಿರುವಾಗ ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಒಂದು ಜಾಹೀರಾತು ಬಂತು: ಸಿಂದಗಿಯ ಒಂದು ಟ್ರಾವೆಲ್ಸಿಗೆ ಟ್ರಾವೆಲ್ ಕೋಆರ್ಡಿನೇಟರ್ ಬೇಕಾಗಿದ್ದಾರೆ, ಮಹಿಳೆಯರಿಗೆ ಆದ್ಯತೆ. ನಾನು ಎ.ಸಿ. ಕೋಣೆ, ಕಂಪ್ಯೂಟರು, ವಿಮಾನದ ಟಿಕೆಟು ಎಂದೆಲ್ಲ ಮನಸ್ಸಿನಲ್ಲೇ ಮಂಡಿಗೆ ತಿಂದು, ಇಸ್ತ್ರಿ ಹಾಕಿದ ಚೂಡಿದಾರ ತೊಟ್ಟು ಹೋದೆ. ಆಫೀಸು ಬಸ್‌ಸ್ಟ್ಯಾಂಡಿನ ಎದುರು ಗಲ್ಲಿಯಲ್ಲಿ ಟೈರಿನ ಅಂಗಡಿಯ ಮೇಲಿತ್ತು. ಒಳಗೆ ನೋಡಿದರೆ ಗ್ಯಾಸಿನ ಸಿಲಿಂಡರು, ಆಳೆತ್ತರದ ಪಾತ್ರೆಗಳು, ಜೋಳದ ಹಿಟ್ಟಿನ ಚೀಲಗಳು. ಸುತ್ತಲ ತಾಲೂಕಿನ ಹಳ್ಳಿಗಳ ಮಂದಿಯನ್ನು ಶ್ರೀಶೈಲ, ತಿರುಪತಿ, ಕಾಶಿ, ಪ್ರಯಾಗಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗಿ, ದಾರಿಯಲ್ಲೇ ರೊಟ್ಟಿ ಬಡಿದು ಹಾಕಿ, ಜೋಪಾನವಾಗಿ ವಾಪಸು ತಂದು ಬಿಡುವುದು ಇವರ ಕಸುಬು. ಮಾಲೀಕರು ವಿಜಯಪುರದಲ್ಲಿದ್ದರು. ಇಲ್ಲಿ ಎಲ್ಲವೂ ಮಾಳಪ್ಪ ಕಾಕಾ.

ನನ್ನ ಸರ್ಟಿಫಿಕೇಟುಗಳನ್ನು ಅವರು ಮುಟ್ಟಲಿಲ್ಲ. "ಅವನ್ನ ಮಾಲಕ್ರು ನೋಡ್ತಾರ. ನೀ ನನ್ನ ಸಂಗಾಟ ಬಾ" ಎಂದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿ, ಆಲಮೇಲದ ಬಸ್ಸು ನಿಲ್ಲುವ ಕಡೆ ಕಟ್ಟೆಯ ಮೇಲೆ ಕೂಡಿಸಿದರು. "ಇಷ್ಟ ಮಂದ್ಯಾಗ ದಾರಿ ತಪ್ಪಿದವ್ರು ಯಾರ ಅದಾರ, ನೋಡಿ ಹೇಳ" ಅಂದರು.

ಇದೆಂಥ ಇಂಟರ್‌ವ್ಯೂ ಎಂದು ಮನಸ್ಸಿನಲ್ಲೇ ಬೈದುಕೊಂಡು ಕಣ್ಣು ಹಾಯಿಸಿದೆ. ಕಂಬದ ಬುಡದಲ್ಲಿ ಒಬ್ಬ ಮುದುಕಿ ಬುಟ್ಟಿಯನ್ನು ಅವಚಿಕೊಂಡು ಆ ಕಡೆ ಈ ಕಡೆ ಗಾಬರಿಯಿಂದ ನೋಡುತ್ತಿದ್ದಳು. ನಾನು ಎದ್ದು ಹೋಗಿ, ಬಗ್ಗಿ, "ಯವ್ವಾ, ದಾರಿ ತಪ್ಪೇತೇನಬೇ? ಯಾವೂರಿಗೆ ಹೋಗಬೇಕು?" ಎಂದೆ. ಮುದುಕಿ ಎದ್ದೇ ನಿಂತಳು. "ದಾರಿ ನಿಮ್ಮವ್ವಂದು ತಪ್ಪೇತಿ! ನೀ ಹುಟ್ಟೂಕಿಂತ ಮೊದಲಿಂದ ಇಲ್ಲೇ ಕುಂತು ಬಾರಿಹಣ್ಣ ಮಾರಾಕತ್ತೇನಿ. ಒಳಗ ಮಾರಬ್ಯಾಡಂತ ಹೇಳಾವ್ರು ಬಂದಾರೇನಂತ ನೋಡಾಕತ್ರ, ಇಕಿ ಬಂದ್ಳು ನನಗ ದಾರಿ ತೋರ್ಸಾಕ!" ಆಲಮೇಲದ ಬಸ್ಸಿನ ಕಿಟಕಿಗಳಿಂದೆಲ್ಲ ತಲೆಗಳು ಹೊರಬಂದು ನಕ್ಕವು. ಕೆಲಸ ಹೋಯಿತೆಂದುಕೊಂಡು ಮುಖ ಕೆಂಪು ಮಾಡಿಕೊಂಡು ವಾಪಸು ಬಂದೆ.

"ನಾಳಿಯಿಂದ ಬಾ" ಅಂದರು ಕಾಕಾ.

"ತಪ್ಪ ಹೇಳಿದ್ನೆಲ್ರಿ?"

"ತಪ್ಪಾದ್ರ ಆಗ್ಲಿ. ಎದ್ದು ಹೋಗಿ ಕೇಳಿದಿ. ಮುಂಜಾನಿಂದ ಬಂದವ್ರು ಎಲ್ಲಾರೂ ಕುಂತಲ್ಲಿಂದನ ಕೈ ಮಾಡಿ ತೋರ್ಸಿ ಹೋದ್ರು."

ಅಪ್ಪನನ್ನು ಒಪ್ಪಿಸುವುದು ನನ್ನ ಕೈಲಾಗದ ಮಾತು. ಕಾಕಾ ತಾವೇ ಇಂಗಳೇಶ್ವರಕ್ಕೆ ಬಂದರು. ಅಪ್ಪ ಚಹಾ ಕೊಟ್ಟು, "ಮದುವಿ ಆಗೂ ಹುಡಿಗಿ. ಪರದೇಶದಾಗ ಆಕೀನ್ನ ಯಾರ ಕಾಯಾವ್ರು?" ಅಂದ. "ನಿಮ್ಮ ಮಗಳನ್ನ ನಾ ಕಾಯೂದಿಲ್ರಿ ಗೌಡ್ರ, ಆಕೀನ ನನ್ನ ಬಸ್ಸು ಕಾಯ್ತಾಳ" ಅಂದರು ಕಾಕಾ. ಅಪ್ಪ ನನ್ನ ಮುಖ ನೋಡಿದ. ಹೀಗೆ ನನಗೆ ಕೆಲಸ ಸಿಕ್ಕಿತು.

ಟ್ರಾವೆಲ್ ಕೋಆರ್ಡಿನೇಟರ್ ಎಂಬ ಮಾತು ಕಾಕಾನ ನಾಲಿಗೆಗೆ ಹೊರಳುತ್ತಿರಲಿಲ್ಲ. "ಮಂದಿ ಕಾಯೂ ಕೆಲಸ" ಅನ್ನುತ್ತಿದ್ದರು. ಬಸ್ಸು ಹೊರಡುವ ಮೊದಲು ನಾನು ತಲೆ ಎಣಿಸಹೋದರೆ ಕೈ ಹಿಡಿದು ತಡೆಯುತ್ತಿದ್ದರು. ಕುರಿ ಕಾಯುವವರು ಹಿಂಡನ್ನು ಎಣಿಸುವುದಿಲ್ಲವಂತೆ, ಒಂದೊಂದರ ಮುಖ ನೋಡಿ ಗುರುತು ಇಟ್ಟುಕೊಳ್ಳುತ್ತಾರಂತೆ. "ಎಣಿಸಿದ್ರ ಲೆಕ್ಕ ಸಿಗತೈತಿ, ಮಂದಿ ಸಿಗೂದಿಲ್ಲ" ಎನ್ನುತ್ತ ಸಾಲಿನುದ್ದಕ್ಕೂ ಹೋಗಿ ಒಬ್ಬೊಬ್ಬರ ಮುಖ ನೋಡಿ ಬರುತ್ತಿದ್ದರು. ನಾನು ಸುಮ್ಮನಿರುವವಳೇ? ಎಲ್ಲರಿಗೂ ಫೋನ್ ನಂಬರು ಬರೆದ ಗುರುತಿನ ಚೀಟಿ ಮಾಡಿಸಿ ಕೊರಳಿಗೆ ಹಾಕಿಸಿದೆ. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಒಬ್ಬರ ಕೊರಳಲ್ಲೂ ಅದಿರಲಿಲ್ಲ. ಕಳೆದುಹೋದೀತೆಂಬ ಭಯಕ್ಕೆ ಎಲ್ಲರೂ ಅದನ್ನು ಬಿಚ್ಚಿ ಟ್ರಂಕಿನ ತಳದಲ್ಲಿ ಜೋಪಾನವಾಗಿ ಇಟ್ಟಿದ್ದರು.

ಕಾಕಾನ ಬಸ್ಸಿನಲ್ಲಿ ಇನ್ನೊಂದು ಕಟ್ಟಳೆ ಇತ್ತು. ಊರ ಗಡಿ ದಾಟಿ ಮೊದಲ ಪೂಜೆಯ ಕಾಯಿ ಒಡೆದ ಮೇಲೆ, ಮದುವೆಯಾದ ಪ್ರತಿ ಹೆಣ್ಣುಮಗಳೂ ಮೈಕು ಹಿಡಿದು ಗಂಡನ ಹೆಸರು ಹೇಳಬೇಕು. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಲ್ಲಿ ತರುವುದಿಲ್ಲ. ಮದುವೆ, ಸೀಮಂತದಲ್ಲಿ ಬಲವಂತ ಮಾಡಿದರೆ ಒಡಪು ಕಟ್ಟಿ, ಎರಡು ಸಾಲಿನ ಪ್ರಾಸದೊಳಗೆ ಹೆಸರನ್ನು ಅಡಗಿಸಿ ಹೇಳುತ್ತಾರೆ, ಅದೂ ನಾಚಿ ನೀರಾಗಿ. ಕಾಕಾ ಅದನ್ನೇ ಬಸ್ಸಿಗೆ ತಂದಿದ್ದರು. ಯಾರೋ ಎದ್ದು "ಡೋಣಿ ದಂಡ್ಯಾಗ ಬಿಳಿಜೋಳ ಬೆಳದು ಬಾಗ್ಯಾವ ತೆನಿ, ಸಿದ್ದಪ್ಪನ ಹೆಸರ ಹೇಳಿ ಕಾಯ್ತೇನಿ ಅವರ ಮನಿ" ಎಂದರೆ ಬಸ್ಸೆಲ್ಲ ಹೋ ಅನ್ನುತ್ತಿತ್ತು. ಗಂಡ ತೀರಿಕೊಂಡವರ ಹತ್ತಿರ ಹೋದಾಗ ಕಾಕಾ ಮೈಕು ಕೆಳಗಿಳಿಸಿ, "ಯಕ್ಕಾ, ನಿಮ್ಮಪ್ಪನ ಹೆಸರ ಹೇಳ್ರಿ, ಜೋರ ಹೇಳ್ರಿ" ಎಂದು ಮೆಲ್ಲಗೆ ಕೇಳುತ್ತಿದ್ದರು. ಇದು ದಾರಿ ಸವೆಸುವ ಮೋಜು ಎಂದೇ ನಾನು ತಿಳಿದಿದ್ದೆ.

ಮೋಜಲ್ಲವೆಂದು ತಿಳಿದದ್ದು ಆಲಮೇಲದ ಗಂಗವ್ವನಿಂದ. ಅವಳು ಮೈಕನ್ನು ಮುಟ್ಟಲೂ ಒಲ್ಲೆನೆಂದಳು. ಮನೆಯಲ್ಲಿ ಗಂಡ ಹಾಸಿಗೆ ಹಿಡಿದಿದ್ದ, ಅವನಿಗಾಗಿಯೇ ಹರಕೆ ಹೊತ್ತು ಹೊರಟವಳು. "ಹೆಸರ ಹಿಡದ್ರ ಅವ್ರ ಆಯುಷ್ಯ ಕಡಿಮ್ಯಾಗತೈತಿ, ನಾ ಹೇಳಾಕಿ ಅಲ್ರಿ" ಅಂದಳು. ಕಾಕಾ ಮೊದಲು ನಕ್ಕರು, ಆಮೇಲೆ ಬೇಡಿಕೊಂಡರು, ಆಮೇಲೆ ಇದ್ದಕ್ಕಿದ್ದಂತೆ ಒದರಿದರು: "ಹಂಗಾರ ಇಳಿಬೇ! ನನ್ನ ಬಸ್ಸಿನ್ಯಾಗ ಬರಬ್ಯಾಡ!" ಗಂಗವ್ವ ಇಳಿಯಲಿಲ್ಲ, ಕಾಕಾ ತಾವೇ ಇಳಿದು ರಸ್ತೆಯ ಬದಿಯ ಜಾಲಿಯ ಗಿಡದ ಹತ್ತಿರ ನಮಗೆ ಬೆನ್ನು ಮಾಡಿ ನಿಂತರು.

ನನಗೆ ಮೈಯೆಲ್ಲ ಉರಿಯಿತು. ಮುದುಕಿಯ ಮೇಲೆ ಹೀಗೆ ಒದರುವುದೇ ಎಂದು ಜಗಳಕ್ಕೇ ಇಳಿಯುತ್ತಿದ್ದವಳನ್ನು ಹುಸೇನಸಾಬ ತಡೆದ. "ಅವ್ರಿಗೇನೂ ಅನಬ್ಯಾಡವಾ. ಅವ್ರ ಮನಿಯಾಕಿ ಹಿಂಗ ಹೋಗ್ಯಾಳ."

ಹುಸೇನಸಾಬ ಹೇಳಿದ್ದು ಇಷ್ಟು. ನಾನು ಇನ್ನೂ ತೊಟ್ಟಿಲಲ್ಲಿದ್ದ ಕಾಲ. ಮದುವೆಯಾಗಿ ಬಹಳ ದಿನವಾದರೂ ಕಾಕಾನಿಗೆ ಮಕ್ಕಳಾಗಿರಲಿಲ್ಲ. ಮಾಘಮಾಸದಲ್ಲಿ ಗಂಗೆಯಲ್ಲಿ ಮುಳುಗಿ ಬಂದರೆ ಆದೀತೆಂದು ಯಾರೋ ಹೇಳಿದ್ದಕ್ಕೆ ಹೊರ್ತಿಯವರ ಜೊತೆ ಗಂಡ ಹೆಂಡತಿ ಪ್ರಯಾಗಕ್ಕೆ ಹೋದರು. ಆ ಜನಸಾಗರದಲ್ಲಿ ಹೆಂಡತಿ ಕೈತಪ್ಪಿದಳು. "ತಪ್ಪಿಸ್ಕೊಂಡವ್ರನ್ನ ಕೂಡ್ಸೂ ಜಾಗಾ ಇರತೈತಿ ಅಲ್ಲಿ. ಅಲ್ಲೀತನ ಯಾರೋ ಕರಕೊಂಡ ಹೋಗ್ಯಾರ. ನಮ್ಮ ಮಾತ ಒಂದೀಟ ಬರೂ ಮನಷ್ಯಾ ಒಬ್ಬಾವ ಇದ್ನಂತ. ಗಂಡನ ಹೆಸರೇನವ್ವಾ ಅಂತ ಕೇಳ್ಯಾನ, ಮೈಕನ್ಯಾಗ ಕೂಗಾಕ. ಆಕಿ ಸೆರಗ ಬಾಯಿಗೆ ಹಿಡದ ನಾಚ್ಕೊಂಡ ಕುಂತ್ಳಂತ. ಒಂದ ಕೂಸರ ಇದ್ದಿದ್ರ ಇಂಥಾವನ ಅಪ್ಪ ಅಂತಿದ್ಳು. ಅದೂ ಇಲ್ಲ. ಇಳಕಲ್ಲ ಸೀರಿ ಉಟ್ಟವ್ರು ಯಾರೋ ಹೊಂಟಿದ್ದು ನೋಡಿ, ನಮ್ಮ ಮಂದೀನ ಅಂತ ತಿಳದು ಎದ್ದ ಅವ್ರ ಹಿಂದ ಹೋದ್ಳಂತ. ಅಷ್ಟ. ಮತ್ತ ಸಿಗಲಿಲ್ಲ."

ನಾನು ಗಂಗವ್ವನ ಪಕ್ಕ ಹೋಗಿ ಕೂತು, ಏನನ್ನೂ ವಿವರಿಸದೆ, ನನ್ನ ಕಿವಿಯಲ್ಲಾದರೂ ಹೇಳು ಎಂದು ಕೈ ಹಿಡಿದೆ. ಕೊನೆಗೆ ಹೇಳಿದಳು. ಆ ಸುಕ್ಕುಗಟ್ಟಿದ ಮುಖ ಮದುಮಗಳ ಮುಖದಂತೆ ಕೆಂಪಾಯಿತು. ಹೊರಗೆ ಹೋಗಿ ಕಾಕಾನಿಗೆ "ಹೇಳಿದ್ಳ್ರಿ" ಎಂದೆ. "ಕಿವ್ಯಾಗ ಹೇಳಿದ್ರ ಯಾರಿಗಿ ಕೇಳಸ್ತೈತವ್ವ?" ಅಂದರು. ಆದರೂ ಬಂದು ಬಸ್ಸು ಹತ್ತಿದರು.

ಆಮೇಲೆ ನನಗೆ ಕಾಕಾನ ಪ್ರತಿಯೊಂದು ಚಾಳಿಯ ಹಿಂದೆಯೂ ಆ ಹೆಂಗಸು ಕಾಣತೊಡಗಿದಳು. ಹೋದ ಹೋದ ಊರಿನಲ್ಲಿ ಅವರು ಗರ್ಭಗುಡಿಯ ಕಡೆ ಹೋಗುತ್ತಿರಲಿಲ್ಲ. ಹೆಂಗಸರ ಸರದಿಯ ಪಕ್ಕ ನಿಂತು ಮುಖಗಳನ್ನು ನೋಡುತ್ತಿದ್ದರು. "ಮೊದಮೊದಲ ಹರೇದ ಹೆಣ್ಮಕ್ಕಳನ್ನ ನೋಡ್ತಿದ್ನಿ, ಬೈಸ್ಕೊಂಡೇನಿ, ಹೊಡಿಸ್ಕೊಂಡೇನಿ" ಎಂದು ಒಮ್ಮೆ ನಕ್ಕು ಹೇಳಿದರು. "ಈಗ ಮುದಿಕ್ಯಾರನ್ನ ನೋಡ್ತೇನಿ. ಯಾರೂ ಏನೂ ಅನ್ನೂದಿಲ್ಲ." ವರ್ಷ ವರ್ಷವೂ ಅವರು ಹೆಂಡತಿಗೆ ತಮ್ಮ ಮನಸ್ಸಿನಲ್ಲಿ ವಯಸ್ಸು ಕೂಡಿಸುತ್ತ ಬಂದಿದ್ದರು. ಈಗ ಕೂದಲು ನರೆತಿರಬೇಕು, ಮುಂದಿನ ಹಲ್ಲು ಬಿದ್ದಿರಬೇಕು, ಅವಳ ಅವ್ವನ ಹಾಗೆ ಸೊಂಟ ಬಾಗಿರಬೇಕು. ಅವಳದೊಂದು ಫೋಟೋ ಕೂಡ ಇರಲಿಲ್ಲ. ಎಡಗೈ ಮೇಲೆ ಚೇಳಿನ ಹಚ್ಚೆ ಇದೆ, ನಕ್ಕರೆ ಕಣ್ಣು ಮುಚ್ಚುತ್ತವೆ, ಅಷ್ಟೇ ಗುರುತು.

ಆ ಹುಡುಕಾಟ ನನಗೂ ಅಂಟಿಕೊಂಡಿತು. ನೋಡಿರದ ಹೆಂಗಸನ್ನು ನಾನೂ ಹುಡುಕತೊಡಗಿದೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ವಯಸ್ಸಾದವರ ಎಡಗೈ ನೋಡುವುದು ನನಗೆ ಚಟವಾಯಿತು. ಒಮ್ಮೆ ಶ್ರೀಶೈಲದಲ್ಲಿ ನಲ್ಲಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದವಳ ಕೈಮೇಲೆ ಚೇಳು ಕಂಡು ಓಡಿದೆ. ಅವಳು ತಿರುಗಿ ತೆಲುಗಿನಲ್ಲಿ ಏನೋ ಕೇಳಿದಳು. ನಾನು ಅಲ್ಲೇ ಕೂತು ಅತ್ತುಬಿಟ್ಟೆ. ಕಾಕಾನಿಗೆ ಇದನ್ನು ಹೇಳಲಿಲ್ಲ. ಒಮ್ಮೊಮ್ಮೆ ಖಾಲಿ ಬಸ್ಸಿನಲ್ಲಿ ಹಿಂದಿನ ಸೀಟಿನ ಕಡೆ ಹೋಗಲು ನನಗೆ ಅಂಜಿಕೆಯಾಗುತ್ತಿತ್ತು. ಯಾರೋ ಸೆರಗು ಹೊದ್ದು, ಕೇಳಿದ್ದಕ್ಕೆ ಉತ್ತರ ಕೊಡದೆ, ಅಲ್ಲಿ ಕೂತಿದ್ದಾರೆ ಅನಿಸುತ್ತಿತ್ತು.

ಒಂದು ಮಹಾನವಮಿ ಅಮಾವಾಸ್ಯೆಗೆ ಕಾಕಾ ನನ್ನನ್ನು ಹೊರ್ತಿಗೆ ಊಟಕ್ಕೆ ಕರೆದಿದ್ದರು. ತೀರಿಕೊಂಡ ಹಿರಿಯರಿಗೆ ಹೊಸ ಬಟ್ಟೆ ಇಟ್ಟು ಎಡೆ ತೋರಿಸುವ ಹಬ್ಬ. ಧೋತರಗಳ ಪಕ್ಕದಲ್ಲಿ ಅವರ ಅಣ್ಣನ ಮಗ ಒಂದು ಹಸಿರು ಸೀರೆಯನ್ನೂ ಇಟ್ಟಿದ್ದ. ಕಾಕಾ ನೋಡಿದವರೇ "ಇದು ಯಾರದು?" ಅಂದರು. "ಎಷ್ಟ ವರ್ಷಂತ ಹಿಂಗ ಬಿಡೂದು ಕಾಕಾ? ಚಿಗವ್ವನ ಆತ್ಮಕ್ಕರ ಶಾಂತಿ ಬ್ಯಾಡೇನು?" ಅಂದ ಅವನು, ಪಾಪ, ಒಳ್ಳೆಯ ಮನಸ್ಸಿನಿಂದಲೇ. "ಬ್ಯಾಡ" ಅಂದರು ಕಾಕಾ. "ಶಾಂತಿ ಗೀಂತಿ ಏನೂ ಬ್ಯಾಡ. ಮೊದಲ ಮನಿಗೆ ಬರ್ಲಿ." ಸೀರೆಯನ್ನು ಎಡೆಯ ಮುಂದಿನಿಂದ ಎತ್ತಿಕೊಂಡು, ಅರಿಶಿಣ ಕುಂಕುಮ ಕೊಡವಿ, ತಮ್ಮ ಟ್ರಂಕಿನಲ್ಲಿ ಇಟ್ಟರು. "ಬಂದ ದಿನ ಉಟ್ಕೊಳ್ಳಾಕ ಆಗತೈತಿ" ಅಂದರು.

ಕಾಕಾ ತೀರಿಕೊಂಡು ಈಗ ಒಂದು ಸುಗ್ಗಿ ಕಳೆದಿದೆ. ಅವರ ಜೊತೆ ನಾನು ಮಾಡಿದ ಕೊನೆಯ ಯಾತ್ರೆ ಪ್ರಯಾಗದ್ದೇ. ಅಷ್ಟರಲ್ಲಿ ಅವರಿಗೆ ದಮ್ಮು ಹೆಚ್ಚಾಗಿತ್ತು. ಬರಬೇಡಿರೆಂದರೂ ಕೇಳಲಿಲ್ಲ. ಪ್ರತಿ ಮಾಘದಲ್ಲೂ ಅಲ್ಲಿಗೆ ಹೋದಾಗ ನಾನು ಗಮನಿಸಿದ್ದ ಒಂದು ಮಾತಿದೆ. ಅವರು ಘಾಟುಗಳನ್ನೆಲ್ಲ ತಿರುಗುತ್ತಿದ್ದರು, ಬಿಡಾರಗಳಲ್ಲಿ ಇಣುಕುತ್ತಿದ್ದರು, ಆದರೆ ತಪ್ಪಿಸಿಕೊಂಡವರ ಹೆಸರು ಕೂಗುವ ಆ ತಗಡಿನ ಮಂಟಪದ ಕಡೆ ಮಾತ್ರ ಕಾಲಿಡುತ್ತಿರಲಿಲ್ಲ. ನಮ್ಮ ಬಸ್ಸಿನವರು ಯಾರಾದರೂ ತಪ್ಪಿದರೆ ಅಲ್ಲಿ ವಿಚಾರಿಸುವುದು ನನ್ನ ಪಾಲಿನ ಕೆಲಸ. ಆ ವರ್ಷ ಮಧ್ಯಾಹ್ನದ ಬಿಸಿಲಿನಲ್ಲಿ ಉಸುಕಿನ ಮೇಲೆ ಕಂಬಳಿ ಹಾಸಿ ಕೂತವರು ತಾವಾಗಿಯೇ ಬಾಯಿ ಬಿಟ್ಟರು.

"ಶೈಲವ್ವ, ನಾ ಮಂದಿ ಮುಂದ ಅರ್ಧಾನ ಹೇಳ್ಕೋತ ಬಂದೇನಿ."

ಧ್ವನಿವರ್ಧಕಗಳು ಯಾರ್ಯಾರದೋ ಹೆಸರುಗಳನ್ನು ಒದರುತ್ತಲೇ ಇದ್ದವು. ಕಾಕಾ ಆ ಕಡೆ ನೋಡದೆ ಮಾತಾಡಿದರು.

"ಆಕಿ ಕಾಣವಲ್ಲಳು ಅಂತ ಗೊತ್ತಾದ ಕೂಡ್ಲೆ ನಾನೂ ಅಲ್ಲಿಗೇ ಓಡಿದ್ನಿ. ಆಕಿ ಅಲ್ಲಿಂದ ಎದ್ದು ಹೋಗಿ ಭಾಳ ಹೊತ್ತಾಗಿದ್ದಿಲ್ಲಂತ, ಅದು ಆಮ್ಯಾಲ ತಿಳೀತು. ಮೈಕ ನನ್ನ ಕೈಯಾಗ ಕೊಟ್ರು. ನಿನ್ನ ದನೀಲೇನ ಕರಿ, ಬರ್ತಾಳ ಅಂದ್ರು. ಬಾಜೂಕ ನಮ್ಮಪ್ಪ ನಿಂತಿದ್ದ, ಅಣ್ಣ ನಿಂತಿದ್ದ, ಊರ ಹಿರ್ಯಾರೆಲ್ಲ ನಿಂತಿದ್ರು. ಅವ್ರ ಮುಂದ ಹೇಣ್ತಿ ಹೆಸರ ಹಿಡದ ಹ್ಯಾಂಗ ಕರೀಲಿ? ನಮ್ಮ ಮನ್ಯಾಗ ಯಾವ ಗಂಡಸೂ ಕರದಿದ್ದಿಲ್ಲ. 'ಹೊರ್ತಿಯವ್ರು ಯಾರರ ಇದ್ರ ಇತ್ತಾಗ ಬರ್ರಿ' ಅಂದ್ನಿ. ಮೈಕ ತಿರುಗಿ ಕೊಟ್ನಿ." ದಮ್ಮಿಗೆ ಸ್ವಲ್ಪ ತಡೆದರು. "ಆಕಿಗಿ ಕೇಳಿಸಿದ್ರೂ, ಮತ್ಯಾರನ್ನೋ ಕರ್ಯಾಕತ್ತಾರ ಅಂದಿರಬೇಕು. ಗಂಡನ ಹೆಸರ ಹೇಳಲಾರದ ಕೆಟ್ಳು ಅಂತ ಊರೆಲ್ಲ ಆಕೀನ್ನ ಅಂತು. ನಾನೂ ಅಂದೇನಿ. ನಾನರ ಎಲ್ಲಿ ಆಕಿ ಹೆಸರ ಹೇಳಿದ್ನಿ?"

ನನಗೆ ಸಿಟ್ಟು ಬಂತು, ಸುಳ್ಳೇಕೆ ಹೇಳಲಿ. ಇಷ್ಟು ವರ್ಷ ಬಸ್ಸಿನ ಹೆಂಗಸರಿಗೆಲ್ಲ ಮೈಕು ಹಿಡಿಸಿದವರು ತಾವು ಮಾತ್ರ ಬಾಯಿ ಮುಚ್ಚಿಕೊಂಡಿದ್ದರಲ್ಲ ಎಂದು. ಆ ಸಿಟ್ಟಿನಲ್ಲೇ ಹೊಳೆಯಿತು: ನನಗೂ ಅವಳ ಹೆಸರು ಗೊತ್ತಿಲ್ಲ. ಹುಸೇನಸಾಬನಿಗೆ ಅವಳು ಮನೆಯಾಕಿ, ಅಣ್ಣನ ಮಗನಿಗೆ ಚಿಗವ್ವ, ಕಾಕಾನಿಗೆ ಬರೀ ಆಕಿ. ಅಷ್ಟು ಹುಡುಕಿದ ನಾನೂ ಒಂದು ದಿನ ಹೆಸರು ಕೇಳಿರಲಿಲ್ಲ. ಸಿಟ್ಟು ಹಾಗೆಯೇ ಇಳಿದು ದುಃಖವಾಯಿತು. "ಏಳ್ರಿ ಕಾಕಾ, ಈಗ ಹೇಳ್ರಿ" ಎಂದು ತೋಳು ಹಿಡಿದು ಎಬ್ಬಿಸಿದೆ.

ಮಂಟಪದಲ್ಲಿದ್ದ ಹುಡುಗ ಹಿಂದಿಯಲ್ಲಿ ಯಾರು ತಪ್ಪಿದ್ದು, ಯಾವಾಗ ಎಂದು ಕೇಳಿದ. ಇವರ ಹೆಂಡತಿ, ಬಹಳ ದಿನಗಳಾದವು ಎಂದೆ ನನ್ನ ಹರಕು ಹಿಂದಿಯಲ್ಲಿ. ಅವನು ಕಾಕಾನ ಮುಖ ನೋಡಿ ಮೈಕು ಕೊಟ್ಟ. ಕಾಕಾ ರುಮಾಲು ಸರಿಮಾಡಿಕೊಂಡರು. ಒಮ್ಮೆ ಅಕ್ಕಪಕ್ಕ ನೋಡಿದರು. ಅಪ್ಪ, ಅಣ್ಣ, ಹಿರಿಯರು ಯಾರೂ ಈಗ ಬದುಕಿಲ್ಲ, ಆದರೂ ನೋಡಿದರು.

"ಸುಗಲಾ" ಅಂದರು.

ಮೊದಲ ಸಲ ದನಿ ಹೊರಡಲಿಲ್ಲ. ಕೆಮ್ಮಿ, ಇನ್ನೊಮ್ಮೆ ಕೂಗಿದರು. "ಏ ಸುಗಲಾ! ನಾ ಇಲ್ಲೇ ಅದೇನಿ. ಇತ್ತಾಗ ಬಾ." ಕಂಬ ಕಂಬಗಳಿಗೆ ಕಟ್ಟಿದ್ದ ಧ್ವನಿವರ್ಧಕಗಳಲ್ಲಿ ಆ ಹೆಸರು ಉಸುಕಿನ ಮೇಲೆ ದೂರದೂರಕ್ಕೆ ಹೋಯಿತು. ಮಂದಿ ತಮ್ಮ ಪಾಡಿಗೆ ತಾವು ನೀರಿನ ಕಡೆ ನಡೆಯುತ್ತಿದ್ದರು. ನಾನು ಬರುವವರ ಮುಖಗಳನ್ನು ನೋಡುತ್ತ ನಿಂತೆ. ಯಾರೂ ನಮ್ಮ ಕಡೆ ತಿರುಗಲಿಲ್ಲ.

ಕಾಕಾ ಮೈಕು ಕೊಟ್ಟು ಕೆಳಗಿಳಿದರು. ಅವರ ಮುಖ ಕೆಂಪಾಗಿತ್ತು. ರುಮಾಲಿನ ಚುಂಗಿನಿಂದ ಬೆವರು ಒರೆಸಿಕೊಂಡು, "ದೂರತನ ಕೇಳಿಸಿರಬೇಕೇನು?" ಅಂದರು.

"ಹೊಳಿ ಆಚೀಕೂ ಕೇಳಸೇತ್ರಿ ಕಾಕಾ" ಎಂದೆ.

"ಇಷ್ಟ ಮಂದಿ ಮುಂದ ಹೆಸರ ಹಿಡದ ಕರದ್ನಿ" ಎಂದು ನಾಚಿ ನಕ್ಕರು. "ಮನಿಗೆ ಬಂದ ಮ್ಯಾಲ ಬೈತಾಳ ನೋಡು."